ವೆಕ್ಟರ್‌ಗೆ ಎರಡನೇ ಆಬ್ಜೆಕ್ಟ್ ಹಾಕಿದ ಕೂಡಲೇ ಡಬಲ್ ಫ್ರೀ (ಸಿ ಪ್ಲಸ್ ಪ್ಲಸ್)

ಪ್ರಶ್ನೆ
ಉಬುಂಟು 64-ಬಿಟ್, ಜಿಸಿಸಿ ಕಂಪೈಲರ್. ವಿದ್ಯಾರ್ಥಿ ಅಂತ ಒಂದು ಕ್ಲಾಸ್. ಒಳಗೆ ಹೆಸರಿಗೆ ಕ್ಯಾರ್ ಪಾಯಿಂಟರ್, ಅಂಕಕ್ಕೆ ಇಂಟ್. ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಉದ್ದ + 1 ಬೈಟ್ (ಕೊನೆಯ ಸೊನ್ನೆ ಬೈಟ್‌ಗೆ) ನ್ಯೂ ಮಾಡಿ, ಅಂದರೆ ಮೆಮೊರಿ ಪಡೆದು, ಹೆಸರು ತುಂಬುತ್ತೇನೆ, ಡಿಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ನಾಶವಾಗುವಾಗ ಓಡುವ ಕೋಡ್) ಅರೇ ಡಿಲೀಟ್. ವೆಕ್ಟರ್‌ನ (ತಾನೇ ಬೆಳೆಯುವ ಪಟ್ಟಿ) ಕೊನೆಗೆ ಸೇರಿಸುವ ಪುಶ್‌ಬ್ಯಾಕ್ ಕರೆಯೊಳಗೇ ಆಬ್ಜೆಕ್ಟ್ ಮಾಡಿ ಹಾಕುತ್ತೇನೆ: ಮೊದಲು ರವಿ, ಆಮೇಲೆ ಗೀತಾ. ಎರಡನೆಯದಕ್ಕೇ "ಡಬಲ್ ಫ್ರೀ ಡಿಟೆಕ್ಟೆಡ್ ಇನ್ ಟಿಕ್ಯಾಶ್ 2" (ಒಂದೇ ಮೆಮೊರಿಯನ್ನು ಎರಡು ಸಲ ಬಿಟ್ಟುಕೊಟ್ಟಿದ್ದೀರಿ) ಅಂತ ಬಂದು ನಿಲ್ಲುತ್ತದೆ. ಮೊದಲೇ ರಿಸರ್ವ್ 10 ಕೊಟ್ಟು ಹತ್ತು ಆಬ್ಜೆಕ್ಟ್‌ಗೆ ಜಾಗ ಕಾದಿರಿಸಿದರೆ ಅಲ್ಲಿ ದಾಟುತ್ತದೆ, ಆದರೆ ಹೆಸರಿನ ಜಾಗದಲ್ಲಿ ಕಸ ಪ್ರಿಂಟ್ ಆಗಿ ಕೊನೆಗೆ ಅದೇ ಎರರ್. ಲ್ಯಾಬ್ ಅಸೈನ್‌ಮೆಂಟ್, ಸಿದ್ಧ ಸ್ಟ್ರಿಂಗ್ ಕ್ಲಾಸ್ ಬಳಸುವಂತಿಲ್ಲ.

ಉತ್ತರ 1
ಕಾಪಿ ಕನ್‌ಸ್ಟ್ರಕ್ಟರ್ (ಒಂದು ಆಬ್ಜೆಕ್ಟ್‌ನಿಂದ ಅದರ ನಕಲು ಮಾಡುವ ಕೋಡ್) ನೀವು ಬರೆದಿಲ್ಲ, ಕಂಪೈಲರ್ ಬರೆದುಕೊಂಡಿದೆ. ಅದು ಪಾಯಿಂಟರ್‌ನ 8 ಬೈಟ್ ವಿಳಾಸವನ್ನಷ್ಟೇ ನಕಲು ಮಾಡುತ್ತದೆ, ಅಕ್ಷರಗಳನ್ನಲ್ಲ. ಪುಶ್‌ಬ್ಯಾಕ್ ಮುಗಿದ ತಕ್ಷಣ ತಾತ್ಕಾಲಿಕ ಆಬ್ಜೆಕ್ಟ್ ಸತ್ತು ಹೆಸರಿನ ಮೆಮೊರಿಯನ್ನು ಬಿಟ್ಟುಕೊಡುತ್ತದೆ. ವೆಕ್ಟರ್‌ನಲ್ಲಿ ಉಳಿದದ್ದು ಖಾಲಿ ಮಾಡಿದ ಮನೆಯ ವಿಳಾಸ.

ಗೀತಾ ಬಂದಾಗ ಮ್ಯಾಲಾಕ್ (ನ್ಯೂಗೆ ಮೆಮೊರಿ ಹಂಚುವ ಫಂಕ್ಷನ್) ಅದೇ ಸೈಜಿನ ಆ ತುಂಡನ್ನೇ ಮತ್ತೆ ಕೊಡುತ್ತದೆ. (ರವಿ ಯುಟಿಎಫ್-8ರಲ್ಲಿ 9 ಬೈಟ್, ಗೀತಾ 12, ಸೊನ್ನೆ ಬೈಟ್ ಸೇರಿಸಿದರೂ ಎರಡೂ 24 ಬೈಟ್‌ನ ತುಂಡಿನಲ್ಲಿ ಹಿಡಿಸುತ್ತವೆ.) ಅಷ್ಟರಲ್ಲಿ ವೆಕ್ಟರ್‌ನ ಜಾಗ 1ರಿಂದ 2ಕ್ಕೆ ಬೆಳೆಯಬೇಕು, ಅದಕ್ಕೆ ಎಲಿಮೆಂಟ್‌ಗಳನ್ನು ಹೊಸ ಜಾಗಕ್ಕೆ ನಕಲಿಸಿ ಹಳೆಯವನ್ನು ನಾಶಮಾಡುತ್ತದೆ. ಹಳೆಯ ಎಲಿಮೆಂಟ್ ನಾಶವಾಗುವಾಗ ಒಂದು ಫ್ರೀ, ಗೀತಾಳ ತಾತ್ಕಾಲಿಕ ಆಬ್ಜೆಕ್ಟ್ ಹೋಗುವಾಗ ಅದೇ ವಿಳಾಸಕ್ಕೆ ಇನ್ನೊಂದು. ರಿಸರ್ವ್ ಕೊಟ್ಟರೆ ಬೆಳೆಯುವ ಹಂತ ತಪ್ಪುತ್ತದೆ, ರೋಗ ಹಾಗೇ ಇರುತ್ತದೆ.

ಉತ್ತರ 2
ಡಿಸ್ಟ್ರಕ್ಟರ್ ಬರೆದಿರೋ, ಕಾಪಿ ಕನ್‌ಸ್ಟ್ರಕ್ಟರ್ ಮತ್ತು ಅಸೈನ್‌ಮೆಂಟ್ ಆಪರೇಟರ್ ಕೂಡ ಬರೆಯಲೇಬೇಕು. ಕಾಪಿ ಕನ್‌ಸ್ಟ್ರಕ್ಟರ್‌ನಲ್ಲಿ ಹೊಸದಾಗಿ ನ್ಯೂ ಮಾಡಿ ಅಕ್ಷರಗಳನ್ನು ನಕಲಿಸಿ. ಆಮೇಲೆ ಮೂವ್ ಕನ್‌ಸ್ಟ್ರಕ್ಟರ್ (ನಕಲಿಸದೆ ಹಳೆಯದರ ಪಾಯಿಂಟರನ್ನೇ ಕಿತ್ತುಕೊಳ್ಳುವುದು) ಸೇರಿಸಿದರೆ ಅದಕ್ಕೆ ನೋಎಕ್ಸೆಪ್ಟ್ (ಎಕ್ಸೆಪ್ಶನ್ ಎಸೆಯುವುದಿಲ್ಲ ಎಂಬ ಭರವಸೆ) ಹಾಕಿ. ಇಲ್ಲದಿದ್ದರೆ ಬೆಳೆಯುವಾಗ ವೆಕ್ಟರ್ ಅದನ್ನು ಬಿಟ್ಟು ಕಾಪಿಯನ್ನೇ ಬಳಸುತ್ತದೆ. ಸ್ಟ್ರಿಂಗ್ ಬಳಸಿದ್ದರೆ ಇದ್ಯಾವುದೂ ಬರೆಯಬೇಕಿರಲಿಲ್ಲ, ಲ್ಯಾಬ್‌ನವರ ಉದ್ದೇಶವೂ ಬಹುಶಃ ಇದನ್ನು ತೋರಿಸುವುದೇ.

ಪ್ರಶ್ನೆ ಕೇಳಿದವರು
ಪುಶ್‌ಬ್ಯಾಕ್ ಸರಿಹೋಯಿತು. ಆದರೆ ಒಂದು ಆಬ್ಜೆಕ್ಟ್‌ಗೆ ಅದನ್ನೇ ಅಸೈನ್ ಮಾಡಿದರೆ ಹೆಸರು ಹಾಳಾಗುತ್ತದೆ. ಮೊದಲು ಹಳೆಯದನ್ನು ಡಿಲೀಟ್ ಮಾಡಿ, ಆಮೇಲೆ ನ್ಯೂ ಮಾಡುತ್ತಿದ್ದೇನೆ.

ಉತ್ತರ 2
ಆ ಕ್ರಮವೇ ತಪ್ಪು. ಎಡ, ಬಲ ಎರಡೂ ಒಂದೇ ಆಬ್ಜೆಕ್ಟ್, ಹಾಗಾಗಿ ಡಿಲೀಟ್ ಆದಮೇಲೆ ನಕಲಿಸಲು ಏನೂ ಉಳಿದಿಲ್ಲ. ಮೆಮೊರಿ ಸಿಗದೆ ನ್ಯೂ ಎಕ್ಸೆಪ್ಶನ್ ಎಸೆದರೂ ಹಳೆಯ ಹೆಸರು ಹೋದಂತೆಯೇ. ಪ್ಯಾರಾಮೀಟರನ್ನು ರೆಫರೆನ್ಸ್ ಆಗಿ ತಗೊಳ್ಳದೆ ಬೆಲೆಯಾಗಿ (ಅಂದರೆ ನಕಲಾಗಿ) ತಗೊಂಡು, ಒಳಗೆ ಪಾಯಿಂಟರ್ ಮತ್ತು ಅಂಕ ಎರಡನ್ನೂ ಅದರೊಂದಿಗೆ ಸ್ವಾಪ್ (ಅದಲುಬದಲು) ಮಾಡಿ. ಹಳೆಯ ಹೆಸರನ್ನು ಪ್ಯಾರಾಮೀಟರ್‌ನ ಡಿಸ್ಟ್ರಕ್ಟರ್ ತಾನೇ ಬಿಡುಗಡೆ ಮಾಡುತ್ತದೆ.

ಉತ್ತರ 3
ಇಂಥದ್ದನ್ನು ಕಣ್ಣಲ್ಲಿ ಹುಡುಕಬೇಡಿ. ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ ಅಡ್ರೆಸ್ ಸ್ಯಾನಿಟೈಸರ್ ಆನ್ ಮಾಡಿ (ಎಫ್‌ಸ್ಯಾನಿಟೈಸ್ ಫ್ಲ್ಯಾಗ್‌ಗೆ ಅಡ್ರೆಸ್ ಎಂಬ ಬೆಲೆ), ಜೊತೆಗೆ ಡೀಬಗ್‌ನ ಜಿ ಫ್ಲ್ಯಾಗ್ ಕೊಟ್ಟು ಕಂಪೈಲ್ ಮಾಡಿ. ಡಬಲ್ ಫ್ರೀ ಆದರೆ ಈಗಿನ ಡಿಲೀಟ್, ಮೊದಲ ಡಿಲೀಟ್, ಮೂಲ ನ್ಯೂ, ಮೂರರದೂ ಸಾಲು ಸಂಖ್ಯೆ ಬರುತ್ತದೆ. + 1 ಮರೆತದ್ದನ್ನೂ ಹಿಡಿಯುತ್ತದೆ. ಮಾಮೂಲಿ ರನ್‌ನಲ್ಲಿ 24 ಬೈಟ್‌ನ ತುಂಡಿನೊಳಗೆ ಆ ತಪ್ಪು ಸದ್ದಿಲ್ಲದೆ ಅಡಗಿರುತ್ತದೆ.