ಹನ್ನೆರಡು ತಾಲೂಕು, ಹನ್ನೆರಡು ನರ

ನರರೋಗಗಳ ಅಧ್ಯಾಯವನ್ನು ಓದತೊಡಗಿದ ನರ್ಸಿಂಗ್ ವಿದ್ಯಾರ್ಥಿನಿಯರನ್ನು ಯಾರೂ ಊಟಕ್ಕೆ ಕರೆಯಬಾರದು. ಬಡಿಸುವವರ ಕೈ ನಡುಗುತ್ತದೆಯೇ, ಅಜ್ಜ ತುತ್ತು ನುಂಗುವಾಗ ಕೆಮ್ಮುತ್ತಾರೆಯೇ, ಅತ್ತೆ ನಕ್ಕಾಗ ಬಾಯಿಯ ಒಂದು ಮೂಲೆ ಹಿಂದುಳಿಯುತ್ತದೆಯೇ ಎಂದು ನೋಡುವುದರಲ್ಲಿಯೇ ಅವರ ಊಟ ಮುಗಿದುಹೋಗುತ್ತದೆ. ಕಾರವಾರದ ಕಾಜುಬಾಗದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿದ್ದು ಪರೀಕ್ಷೆಗೆ ಓದುವ ನಮ್ಮ ನಾಲ್ವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಊರೇ ಹೆಸರು: ಶಿರಸಿ, ಅಂಕೋಲೆ, ಭಟ್ಕಳ, ಮತ್ತು ಹೊನ್ನಾವರವೆಂಬ ನಾನು.

ಟ್ಯಾಗೋರ್ ಕಡಲತೀರಕ್ಕೆ ಗಾಳಿ ತಿನ್ನಲು ಹೋದರೂ ಅಂಕೋಲೆಯ ಕಣ್ಣು ಅಲೆಯ ಮೇಲಿರುವುದಿಲ್ಲ, ನಡೆಯುವವರ ಕಾಲಿನ ಮೇಲಿರುತ್ತದೆ. “ಅಪರಿಚಿತರನ್ನು ಹೀಗೆ ದಿಟ್ಟಿಸುವುದು ಮರ್ಯಾದೆಯಲ್ಲ” ಎಂದು ಶಿರಸಿ ಗದರಿದರೆ, ಅವಳು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್‌ನನ್ನೇ ಸಾಕ್ಷಿಗೆ ಕರೆಯುತ್ತಾಳೆ. ಆತ 1817ರಲ್ಲಿ ನಡುಗುವ ರೋಗದ ಬಗ್ಗೆ ಬರೆದ ಪ್ರಬಂಧದಲ್ಲಿದ್ದವರು ಒಟ್ಟು 6 ಮಂದಿ, ಅವರಲ್ಲಿಯೂ ಕೆಲವರನ್ನು ಬೀದಿಯಲ್ಲಿ ಕಂಡೇ ಬರೆದದ್ದು ಎಂಬುದು ಅವಳ ವಾದ. ಆದರೆ ಚಹಾದ ಅಂಗಡಿಯಲ್ಲಿ ಗಾಜಿನ ಲೋಟವನ್ನು ನಡುಗುತ್ತ ಎತ್ತಿದ ಹಿರಿಯರೊಬ್ಬರಿಗೆ ಅವಳು ಅದೇ ರೋಗದ ಹೆಸರನ್ನು ಅಂಟಿಸಲು ಹೋದಾಗ ಶಿರಸಿ ಬಿಡಲಿಲ್ಲ. “ಲೋಟ ಕೆಳಗಿಟ್ಟ ಮೇಲೆ ಅವರ ಕೈ ಕಲ್ಲಿನಂತೆ ಸುಮ್ಮನಿದೆ, ನೋಡು ಮಾರಾಯ್ತಿ. ಪಾರ್ಕಿನ್ಸನ್ ರೋಗದಲ್ಲಿ ಕೈ ಸುಮ್ಮನಿದ್ದಾಗ ಹೆಚ್ಚು ನಡುಗುತ್ತದೆ, ಕೆಲಸಕ್ಕೆ ತೊಡಗಿದಾಗ ಕಡಿಮೆಯಾಗುತ್ತದೆ. ಚಲನೆ ನಿಧಾನವಾಗಬೇಕು, ಸ್ನಾಯು ಬಿಗಿಯಬೇಕು. ಆ ಮನುಷ್ಯನೋ, ನೀನು ನೋಡುತ್ತಿರುವುದನ್ನು ಕಂಡು ಎಷ್ಟು ಚುರುಕಾಗಿ ಎದ್ದು ಹೋದ!”

ನಮ್ಮ ನಿಜವಾದ ಜಗಳ ಹತ್ತಿದ್ದು ಕಪಾಲದ 12 ನರಗಳ ಮೇಲೆ. ಅವುಗಳ ಕ್ರಮವನ್ನು ನೆನಪಿಡಲು ಒಲಿಂಪಸ್ ಗುಡ್ಡದ ಬಗೆಗಿನ, ಪದಕ್ಕೊಂದು ನರದ ಮೊದಲಕ್ಷರವಿರುವ ಇಂಗ್ಲಿಷ್ ಪದ್ಯವೊಂದನ್ನು ತಲೆಮಾರುಗಳಿಂದ ಉರು ಹೊಡೆಸುತ್ತ ಬಂದಿದ್ದಾರೆ. ಪದ್ಯವೇನೋ ನಾಲಿಗೆಯಲ್ಲಿ ನಿಲ್ಲುತ್ತದೆ, ಆದರೆ ಆರಂಭದ ಮೂರು ‘ಓ’ಗಳಲ್ಲಿ ಯಾವುದು ಮೂಗಿನದು, ಯಾವುದು ಕಣ್ಣಿನದು ಎಂಬುದು ವೈವಾ ತೆಗೆದುಕೊಳ್ಳುವ ಮ್ಯಾಡಮ್ಮರ ಮುಖ ಕಂಡೊಡನೆ ಆವಿಯಾಗುತ್ತದೆ. “ನಮ್ಮ ಜಿಲ್ಲೆಯಲ್ಲಿಯೂ ಈಗ ದಾಂಡೇಲಿ ಸೇರಿ 12 ತಾಲೂಕುಗಳಿರುವಾಗ ಒಲಿಂಪಸ್ಸಿನ ಹಂಗು ನಮಗೇಕೆ?” ಎಂದು ಭಟ್ಕಳ ಕೇಳಿದ್ದೇ ತಡ, ನರಗಳ ಹಂಚಿಕೆ ಶುರುವಾಯಿತು. ಗಡಿ ವಿಂಗಡಣೆಯ ಯಾವ ಸಭೆಯಲ್ಲಿಯೂ ಇಷ್ಟು ಗದ್ದಲ ಆಗಿರಲಾರದು.

ಮೊದಲನೆಯ ನರ ವಾಸನೆಯದಾದ್ದರಿಂದ ಒಣಮೀನಿನ ಕಾರವಾರಕ್ಕೆ ಅದನ್ನು ಕೊಡಲು ಯಾರ ತಕರಾರೂ ಇರಲಿಲ್ಲ. ಯಾಣದ ಬಂಡೆಗಳನ್ನು ಕಣ್ಣರಳಿಸಿ ನೋಡಬೇಕಾದ ಕುಮಟೆಗೆ ದೃಷ್ಟಿಯ ಎರಡನೆಯ ನರ ಹೋಯಿತು. ರೆಪ್ಪೆಯನ್ನು ಮೇಲೆತ್ತಿ ಪಾಪೆಯನ್ನು ಕಿರಿದುಗೊಳಿಸುವ ಮೂರನೆಯದು ಸಿದ್ದಾಪುರದ ಪಾಲಾಯಿತು. ಸಿದ್ದಾಪುರವೆಂದೊಡನೆ ಶಿರಸಿಗೆ ಮಂಗನ ಕಾಯಿಲೆ ನೆನಪಾಗಿ, “1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಒಮ್ಮೆ ಇಳಿದಂತೆ ಕಂಡು, ಮೂರನೆಯ ವಾರದ ಹೊತ್ತಿಗೆ ಕೆಲವರಲ್ಲಿ ಮತ್ತೆ ಏರಿ ತಲೆನೋವು, ನಡುಕ, ಬಿಗಿದ ಕುತ್ತಿಗೆಯೊಡನೆ ನರಮಂಡಲಕ್ಕೂ ಕೈ ಹಾಕುತ್ತದೆ. ಉಣ್ಣಿ ಕಚ್ಚುವ ನಮ್ಮ ಊರಿನ ಈ ರೋಗಕ್ಕೆ ನಮ್ಮ ಪುಸ್ತಕದಲ್ಲಿ ಎರಡು ಸಾಲು, ನಾವು ಕಣ್ಣಿನಲ್ಲಿಯೂ ಕಾಣದ ರೋಗಗಳಿಗೆ ಎರಡು ಪುಟ” ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದಳು. ಅದು ನ್ಯಾಯವಾದ ದೂರೇ ಆಗಿದ್ದರಿಂದ ಯಾರೂ ಅಡ್ಡಿಪಡಿಸಲಿಲ್ಲ.

ನಾಲ್ಕನೆಯ ನರ ಕಣ್ಣನ್ನು ಕೆಳಗಿಳಿಸುವುದರಿಂದ ಅದು ಕೆಟ್ಟವರಿಗೆ ಮೆಟ್ಟಿಲು ಇಳಿಯುವಾಗ ಒಂದು ಎರಡಾಗಿ ಕಾಣುತ್ತದೆ. ಅರಬೈಲು ಘಟ್ಟದ ತಲೆಯ ಮೇಲೆ ಕುಳಿತು ಇಳಿಯುವ ದಾರಿಯನ್ನೇ ನೋಡುತ್ತಿರುವ ಯಲ್ಲಾಪುರಕ್ಕೆ ಅದು ಹೇಳಿ ಮಾಡಿಸಿದ್ದು. ಅಗಿಯುವ ಐದನೆಯ ನರ ಅಡಿಕೆಯ ಶಿರಸಿಗೆ, ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯದು ಸದಾ ಹುಬ್ಬಳ್ಳಿಯ ಕಡೆಗೆ ನೋಡುವ ಮುಂಡಗೋಡಕ್ಕೆ, ಮುಖಭಾವದ ಏಳನೆಯದು ಯಕ್ಷಗಾನದ ಹೊನ್ನಾವರಕ್ಕೆ, ಅಂದರೆ ನನಗೆ. ತೆಪ್ಪದಲ್ಲಿ ಕಾಳಿ ನದಿಗಿಳಿದವರು ಸಮತೋಲ ಕಳೆದುಕೊಳ್ಳುವ ದಾಂಡೇಲಿಗೆ ಕಿವಿ ಮತ್ತು ಸಮತೋಲದ ಎಂಟನೆಯದು ಬಂತು. ನಾಲಿಗೆಯ ಹಿಂಭಾಗದ ರುಚಿಯನ್ನು ತಿಳಿಸುವ ಒಂಬತ್ತನೆಯದನ್ನು ಭಟ್ಕಳ ತನ್ನೂರಿನ ಬಿರಿಯಾನಿಯ ಹೆಸರಿನಲ್ಲಿ ಕಸಿದುಕೊಂಡಳು. ಹತ್ತನೆಯ ವೇಗಸ್ ನರ ತಲೆಯಿಂದ ಹೊರಟು ಗಂಟಲು, ಹೃದಯ, ಹೊಟ್ಟೆಯವರೆಗೆ ಅಲೆಯುವುದರಿಂದ, ಡಿಗ್ಗಿಯಲ್ಲಿ ಹುಟ್ಟಿ ಕಾರವಾರದ ಕಡಲಿನವರೆಗೆ ಹರಿಯುವ ಕಾಳಿಯ ತವರಾದ ಜೋಯಿಡಾಕ್ಕೆ ಸಂದಿತು. ಭುಜವೆತ್ತುವ ಹನ್ನೊಂದನೆಯದು ಕುಸ್ತಿಯ ಹಳಿಯಾಳಕ್ಕೆ ಹೋದ ಮೇಲೆ ಉಳಿದದ್ದು ನಾಲಿಗೆಯನ್ನು ಆಡಿಸುವ ಹನ್ನೆರಡನೆಯ ನರ ಮತ್ತು ಅಂಕೋಲೆ. ಅವಳು ಒಂದು ಗಂಟೆ ಪ್ರತಿಭಟಿಸಿದಳು. ನಾಲಿಗೆಯ ನರ ಅವಳಲ್ಲಿ ಎಷ್ಟು ಆರೋಗ್ಯವಾಗಿದೆ ಎಂಬುದು ಅದರಿಂದಲೇ ಸಾಬೀತಾಯಿತು.

ನನ್ನ ಪಾಲಿಗೆ ಬಂದ ಏಳನೆಯ ನರ ಪರೀಕ್ಷೆಯಲ್ಲಿ ಹೆಚ್ಚು ಜನರನ್ನು ಬೀಳಿಸುತ್ತದೆ ಎಂಬುದು ನನ್ನ ಅನುಮಾನ. ಬಾಯಿ ಸೊಟ್ಟಗಾದ ರೋಗಿಯನ್ನು ಕಂಡೊಡನೆ ಲಕ್ವವೆಂದು ಬರೆಯುವ ಮೊದಲು “ಹುಬ್ಬನ್ನು ಮೇಲೆತ್ತಿ” ಎಂದು ಹೇಳಬೇಕು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಭಾಗಗಳಿಂದ ಅಪ್ಪಣೆ ಬರುವುದರಿಂದ ಸಾಮಾನ್ಯವಾಗಿ ಲಕ್ವದಲ್ಲಿ ಹಣೆ ಸುಕ್ಕುಗಟ್ಟುತ್ತದೆ. ಬೆಲ್ಸ್ ಪಾಲ್ಸಿಯಲ್ಲಿ ಮುಖದ ಈ ನರವೇ ಕೆಟ್ಟಿರುವುದರಿಂದ ಆ ಬದಿಯ ಹಣೆಯೂ ನುಣುಪಾಗಿರುತ್ತದೆ, ಕಣ್ಣೂ ಮುಚ್ಚುವುದಿಲ್ಲ, ಹಾಗಾಗಿ ಕಣ್ಣಿಗೆ ಹನಿ ಹಾಕಿ ರಾತ್ರಿ ಮುಚ್ಚಿ ಕಾಯುವುದು ನರ್ಸಿನ ಕೆಲಸ. ಲಕ್ವವಾದರೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ರಕ್ತಸ್ರಾವವಲ್ಲ, ರಕ್ತ ಹೆಪ್ಪುಗಟ್ಟಿದ್ದೇ ಕಾರಣವೆಂದು ತಿಳಿದರೆ ಅದನ್ನು ಕರಗಿಸುವ ಔಷಧಕ್ಕೆ ಸುಮಾರು 4.5 ಗಂಟೆಯ ಗಡುವಿದೆ. “ರೋಗ ಶುರುವಾದದ್ದು ಯಾವಾಗ ಎಂದು ಕೇಳಿದರೆ ನಮ್ಮವರು ‘ಮೊನ್ನೆಯಿಂದಲೇ ಸ್ವಲ್ಪ ಹಾಗಿತ್ತು, ಎಣ್ಣೆ ತಿಕ್ಕಿ ನೋಡಿದೆವು’ ಎನ್ನುತ್ತಾರೆ. ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಗಂಟೆಗೆ ಕಂಡಿರಿ ಎಂದು ಕೇಳಬೇಕು” ಎಂದು ಶಿರಸಿ ತಿದ್ದಿದಳು.

ಇಷ್ಟರಲ್ಲಿ ಭಟ್ಕಳ ಪುಸ್ತಕದ ಮೇಲೆಯೇ ನಿದ್ರೆ ಹೋಗಿದ್ದಳು. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಕಟಿಸಿದ, ರೋಗಿಯ ಎಚ್ಚರದ ಮಟ್ಟವನ್ನು ಅಂಕಗಳಲ್ಲಿ ಅಳೆಯುವ ಗ್ಲಾಸ್ಗೋ ಕೋಮಾ ಮಾಪನವನ್ನು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲವೆಂದು ಅಂಕೋಲೆ ಪೆನ್ನಿನಿಂದ ಅವಳ ಉಗುರನ್ನು ಒತ್ತಿದಳು. ಒತ್ತಿದಾಗ ಮಾತ್ರ ಕಣ್ಣು ತೆರೆದದ್ದಕ್ಕೆ 2, ಅರ್ಥವಿಲ್ಲದೆ ಗೊಣಗಿದ್ದಕ್ಕೆ 2, ಕೈಯನ್ನು ಸರಕ್ಕನೆ ಎಳೆದುಕೊಂಡದ್ದಕ್ಕೆ 4, ಒಟ್ಟು 8. ಎಂಟು ಅಥವಾ ಅದಕ್ಕಿಂತ ಕಡಿಮೆಯೆಂದರೆ ಶ್ವಾಸಮಾರ್ಗದ ಚಿಂತೆ ಮಾಡಬೇಕು ಎಂದು ಶಿರಸಿ ಗಂಭೀರವಾಗಿ ಹೇಳುತ್ತಿರುವಾಗ, ಚಹಾ ಕಾಯಿಸೋಣವೇ ಎಂದು ನಾನು ಕೇಳಿದ್ದರಿಂದ ರೋಗಿ ಒಮ್ಮೆಲೇ ಪೂರ್ಣ ಅಂಕವಾದ 15ಕ್ಕೆ ಏರಿ ಕುಳಿತಳು. “ನನಗೆ ಎಂಟೇ ಅಂಕವೇ?” ಎಂದು ಅವಳು ಮುನಿಸಿಕೊಂಡಾಗ, ಈ ಮಾಪನದಲ್ಲಿ ಸೊನ್ನೆ ಇಲ್ಲವೇ ಇಲ್ಲ, ಕೋಣೆಯ ಬಾಗಿಲಿಗೂ 3 ಸಿಗುತ್ತದೆ ಎಂದು ಸಮಾಧಾನಪಡಿಸಿದೆವು.

ತನಗೆ ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ಗ್ರೇವಿಸ್ ರೋಗ ಇರಬೇಕೆಂಬುದು ಭಟ್ಕಳದ ದೃಢವಾದ ನಂಬಿಕೆ. ಸಂಜೆಯಾಗುತ್ತಿದ್ದಂತೆ ರೆಪ್ಪೆಗಳು ಬೀಳುತ್ತವೆ, ವಿಶ್ರಾಂತಿ ಪಡೆದರೆ ಸರಿಯಾಗುತ್ತವೆ. ಪುಸ್ತಕದಲ್ಲಿಯೂ ಹಾಗೆಯೇ ಬರೆದಿದೆ. “ಸ್ನಾಯುವಿನಲ್ಲಿ ನರದ ಸಂದೇಶ ಹಿಡಿಯುವ ಅಸೆಟೈಲ್‌ಕೋಲಿನ್ ಗ್ರಾಹಕಗಳನ್ನು ನಾಶಮಾಡುವ ಪ್ರತಿಕಾಯಗಳು ನಿನ್ನಲ್ಲಿದ್ದರೆ ಮೊಬೈಲ್ ನೋಡುವಾಗಲೂ ರೆಪ್ಪೆ ಬೀಳಬೇಕಿತ್ತು. ಪಠ್ಯಪುಸ್ತಕವನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನು ಯಾರೂ ಕಂಡುಹಿಡಿದಿಲ್ಲ” ಎಂದು ಅಂಕೋಲೆ ತೀರ್ಪು ಕೊಟ್ಟಳು.

ಶಿರಸಿಯ ಓದಿನ ಕ್ರಮ ಬೇರೆ. ಅವಳು ಪ್ರತಿ ರೋಗಕ್ಕೂ “ನಾನು ಹಾಸಿಗೆಯ ಬಳಿ ನಿಂತಿದ್ದೇನೆ, ಮೊದಲು ಏನು ಮಾಡಲಿ?” ಎಂದು ಕೇಳುತ್ತಾಳೆ. ಗಿಯಾನ್–ಬಾರೆ ಎಂಬ ನರರೋಗದಲ್ಲಿ ಬಲಹೀನತೆ ಪಾದದಿಂದ ಮೇಲಕ್ಕೆ ಹತ್ತುತ್ತದೆ ಎಂದು ನಾವೆಲ್ಲ ಪಾದವನ್ನೇ ನೋಡುತ್ತಿದ್ದರೆ, ಅವಳು ರೋಗಿ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾನೆ ಎಂದು ನೋಡುತ್ತಾಳೆ, ಏಕೆಂದರೆ ಕೊಲ್ಲುವುದು ಕಾಲಲ್ಲ, ಉಸಿರು. ಅಪಸ್ಮಾರಕ್ಕೂ ಅವಳ ಉತ್ತರ ಚಿಕ್ಕದು: ಗಡಿಯಾರ ನೋಡು, ತಲೆಗೆ ಪೆಟ್ಟಾಗದಂತೆ ಕಾಯಿ, ಪಕ್ಕಕ್ಕೆ ಮಲಗಿಸು, ಬಾಯಿಗೆ ಏನನ್ನೂ ತುರುಕಬೇಡ, 5 ನಿಮಿಷ ದಾಟಿದರೆ ತುರ್ತು. ಬಸ್ ನಿಲ್ದಾಣದಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೀಲಿಕೈ ಗೊಂಚಲು ಹಿಡಿದ ಹತ್ತು ಕೈಗಳು, ಈರುಳ್ಳಿ ಹಿಡಿದ ಎರಡು ಕೈಗಳು ಮುಂದೆ ಬರುತ್ತವೆ, ಕೈಗಡಿಯಾರ ನೋಡುವ ಒಂದು ಕಣ್ಣು ಮಾತ್ರ ಸಿಗುವುದಿಲ್ಲ.

ಕೊನೆಗೆ ಉಳಿದದ್ದು ಪಾರ್ಕಿನ್ಸನ್ ರೋಗಿಯ ಆಹಾರದ ಪ್ರಶ್ನೆ. ಆ ರೋಗಕ್ಕೆ ಕೊಡುವ ಲೆವೊಡೋಪಾ ಮಾತ್ರೆ ಪ್ರೋಟೀನಿನ ಊಟದ ಜೊತೆಗೆ ಬಿದ್ದರೆ ಕರುಳಿನಲ್ಲಿ ಎರಡಕ್ಕೂ ಪೈಪೋಟಿ ನಡೆದು ಔಷಧದ ಕಸುವು ತಗ್ಗುತ್ತದೆ. ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡುವುದು ಒಳ್ಳೆಯದು, ಹಗಲಿನಲ್ಲಿ ಪರಿಣಾಮ ಕುಗ್ಗುತ್ತಿದ್ದರೆ ವೈದ್ಯರನ್ನು ಕೇಳಿ ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಗೆ ಸರಿಸಬಹುದು ಎಂದು ನಾನು ಓದಿ ಹೇಳಿದೆ. ಶಿರಸಿ ತನ್ನ ತೊವ್ವೆಯನ್ನು ರಾತ್ರಿಗೆ ಬಿಟ್ಟುಕೊಡಲು ಒಪ್ಪಿದಳು. ಅಂಕೋಲೆ ಮಾತ್ರ ಪುಸ್ತಕವನ್ನು ಕಸಿದುಕೊಂಡು ಆ ಸಾಲನ್ನು ತಾನೇ ಓದಿ, “ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತೇನೆ. ಆದರೆ ಮಧ್ಯಾಹ್ನದ ಅನ್ನಕ್ಕೆ ಬಂಗಡೆ ಸಾರು ಬೇಡವೆಂದು ಕಾರವಾರದ ಅಜ್ಜನಿಗೆ ಹೇಳುವ ಸರದಿ ಬಂದ ದಿನ ನನಗೆ ರಾತ್ರಿ ಪಾಳಿ ಹಾಕಿಬಿಡಿ” ಎಂದಳು.