ಗುಳಿಗೆ ತಪ್ಪದಿದ್ದರೂ ಮತ್ತೆ ಮತ್ತೆ ರಕ್ತ ಹೆಪ್ಪುಗಟ್ಟುವುದೇಕೆ?

ಪ್ರಶ್ನೆ (ಸೇಡಂ):
ನಮ್ಮ ಅಪ್ಪಾಜಿಗೆ 61 ವರ್ಷ, ತೊಗರಿ ಬೆಳೆಯುತ್ತಾರೆ. ಮೂರು ತಿಂಗಳ ಹಿಂದೆ ಎಡಗಾಲಿನ ಮೀನಖಂಡ ಊದಿಕೊಂಡಾಗ ಕಲಬುರಗಿಯಲ್ಲಿ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿದೆವು. ಆಳದ ರಕ್ತನಾಳದಲ್ಲಿ ಹೆಪ್ಪು ಇದೆಯೆಂದು, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಗುಳಿಗೆ ಕೊಟ್ಟರು. ಒಂದು ದಿನವೂ ಗುಳಿಗೆ ತಪ್ಪಿಲ್ಲ, ಗುಳಿಗೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ ಐಎನ್‌ಆರ್ 2.4 ಇದೆ, ಅಂದರೆ ಸರಿಯಾದ ಮಟ್ಟದಲ್ಲಿದೆ. ಆದರೂ ಈಗ ಬಲಗಾಲಿನಲ್ಲಿಯೂ ಹೆಪ್ಪು ಕಂಡಿದೆ. ಮುಂಗೈ ಮೇಲೆ ಹುರಿಯಂತೆ ಗಟ್ಟಿಯಾದ, ಮುಟ್ಟಿದರೆ ನೋಯುವ ಕೆಂಪು ಗೆರೆಯೊಂದು ಎದ್ದು, ವಾರದೊಳಗೆ ಇಳಿದು, ಮತ್ತೆ ತೋಳಿನಲ್ಲಿ ಕಾಣಿಸಿತು. ಮೂರು ಜೋಳದ ರೊಟ್ಟಿ ಉಣ್ಣುತ್ತಿದ್ದವರು ಈಗ ಒಂದನ್ನೂ ಮುಗಿಸುವುದಿಲ್ಲ. ಇದಕ್ಕೆಲ್ಲ ಒಂದೇ ಕಾರಣ ಇರಬಹುದೇ?

ಉತ್ತರ (ಬೀದರ್, ವೈದ್ಯ):
ಇರಬಹುದು, ಆದ್ದರಿಂದ ತಡಮಾಡಬೇಡಿ. ಜಾಗ ಬದಲಿಸುತ್ತ ಬರುವ ಇಂಥ ಹೆಪ್ಪಿಗೂ ಒಳಗೆ ಅಡಗಿರುವ ಕ್ಯಾನ್ಸರಿಗೂ ಇರುವ ನಂಟನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲಿಯೇ ವಿವರಿಸಿದ್ದರು. ಮುಂದೆ ತಮ್ಮ ಮೈಯಲ್ಲಿಯೇ ಹೆಪ್ಪು ಕಂಡಾಗ ಅದರ ಅರ್ಥವನ್ನು ತಾವೇ ಗುರುತಿಸಿ, 1867ರಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಮೇದೋಜೀರಕ ಗ್ರಂಥಿ, ಜಠರ, ಶ್ವಾಸಕೋಶದ ಕೆಲವು ಗಡ್ಡೆಗಳು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ಬಿಡುತ್ತಲೇ ಇರುವುದರಿಂದ ವಾರ್ಫರಿನ್ ಸರಿಯಾದ ಮಟ್ಟದಲ್ಲಿದ್ದರೂ ಸೋಲಬಹುದು.

ಹಾಗೆಂದು ಕಾಲಿನಲ್ಲಿ ಹೆಪ್ಪು ಕಂಡವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಸ್ಪಷ್ಟ ಕಾರಣವಿಲ್ಲದೆ ಮೊದಲ ಸಲ ಹೆಪ್ಪುಗಟ್ಟಿದ 854 ಜನರ ಮೇಲೆ ಕೆನಡಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾದದ್ದು ಶೇ 3.9ರಷ್ಟು ಮಂದಿಗೆ ಮಾತ್ರ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೊಟ್ಟೆಯ ಸಿಟಿ ಸ್ಕ್ಯಾನನ್ನೂ ಮಾಡಿದ್ದರಿಂದ ಹೆಚ್ಚಿನ ಲಾಭವೂ ಕಾಣಲಿಲ್ಲ. ನಿಮ್ಮ ತಂದೆಯವರ ವಿಷಯ ಬೇರೆ: ಔಷಧ ನಡೆಯುತ್ತಿರುವಾಗಲೇ ಮರುಕಳಿಸಿದೆ, ಎರಡೂ ಕಾಲುಗಳಲ್ಲಿದೆ, ಹಸಿವೂ ಕುಗ್ಗಿದೆ. ಅವರಿಗೆ ಸ್ಕ್ಯಾನ್ ಕೇಳುವುದು ನ್ಯಾಯವೇ. ದೇಹದ ರಕ್ಷಣಾ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೋಲಿಪಿಡ್ ದೋಷವನ್ನೂ ಪರೀಕ್ಷಿಸಲಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೆಪಾರಿನ್ ಬಗೆಯ ಚುಚ್ಚುಮದ್ದಿಗೆ ಬದಲಿಸಬೇಕೇ ಎಂಬುದನ್ನು ವೈದ್ಯರು ಹೇಳಬೇಕು.

ಉತ್ತರ (ಕಲಬುರಗಿ):
ತಮ್ಮಾ, ನಮ್ಮ ಯಜಮಾನರಿಗೂ ಹೀಗೆಯೇ ಆಗಿತ್ತು. ಗುಳಿಗೆ ಸರಿಯಾಗಿ ನುಂಗಿಲ್ಲವೆಂದು ಒಂದು ಆಸ್ಪತ್ರೆಯಲ್ಲಿ ಅವರನ್ನೇ ಗದರಿಸಿದರು. ಗುಳಿಗೆಗಳ ಖಾಲಿ ಪಟ್ಟಿಗಳನ್ನು ಮೇಜಿನ ಮೇಲೆ ಇಟ್ಟು ತೋರಿಸಿದ ಮೇಲೆಯೇ ನಂಬಿದರು. ನೀವು ಐಎನ್‌ಆರ್ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು, ತೂಕವನ್ನೂ ಬರೆದುಕೊಂಡು ಹೋಗಿರಿ. ಕೈ ಮೇಲಿನ ಗೆರೆಯ ಫೋಟೋ ಇಟ್ಟುಕೊಳ್ಳಿ, ಏಕೆಂದರೆ ವೈದ್ಯರ ಸರದಿ ಬರುವ ಹೊತ್ತಿಗೆ ಅದು ಮಾಯವಾಗಿರುತ್ತದೆ. ಗಡ್ಡೆ ಪತ್ತೆಯಾದರೆ ಬೆಂಗಳೂರಿಗೇ ಓಡಬೇಕೆಂದಿಲ್ಲ, ಕಿದ್ವಾಯಿ ಸಂಸ್ಥೆಯ ಕೇಂದ್ರ ನಮ್ಮ ಕಲಬುರಗಿಯಲ್ಲಿಯೇ ಇದೆ.

ಉತ್ತರ (ಬೀದರ್, ವೈದ್ಯ):
ಒಂದು ಮಾತು ಬಿಟ್ಟುಹೋಗಿತ್ತು. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಎದೆ ನೋವು ಕಂಡರೆ, ಕೆಮ್ಮಿದಾಗ ರಕ್ತ ಬಿದ್ದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ ಕೇಳಿದವರು:
ಇಂದು ತೂಕ ನೋಡಿದೆವು, ಮೂರು ತಿಂಗಳಲ್ಲಿ 7 ಕಿಲೋ ಇಳಿದಿದೆ. ನಾಳೆ ಬೆಳಿಗ್ಗೆಯೇ ಚೀಟಿಗಳೊಂದಿಗೆ ಕಲಬುರಗಿಗೆ ಹೊರಡುತ್ತೇವೆ.