ಸಹಾಯ ಬೇಕು: ಓಲ್ಡ್ ಗೋವಾದಲ್ಲಿ ಒಂದು ಡಬ್ಬಿ ಬಚ್ಚಿಡಲು ಜಾಗ

ಎಲ್ಲರಿಗೂ ನಮಸ್ಕಾರ. ಊರು ಹಾವೇರಿ, ಈಗ ಪೋಂಡಾದಲ್ಲಿದ್ದೇನೆ. ಜಿಯೋಕ್ಯಾಶಿಂಗ್ ಗೊತ್ತಲ್ವಾ? ಒಬ್ಬರು ಡಬ್ಬಿ ಬಚ್ಚಿಟ್ಟು ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು ಅಲ್ಲೇ ಇಡುತ್ತಾರೆ. ಇಷ್ಟು ದಿನ ಹುಡುಕಿದ್ದೇ ಆಯಿತು. ಈಗ ನಾನೇ ಒಂದು ಇಡಬೇಕು.

ಮನಸ್ಸಿನಲ್ಲಿರುವುದು ಸೇಂಟ್ ಆಗಸ್ಟೀನ್ ಮಠದ ಪಾಳು. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಸನ್ಯಾಸಿಗಳನ್ನು ಹೊರಹಾಕಿತು. 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು. 46 ಮೀಟರ್ ಎತ್ತರವಿದ್ದ ಜಂಬಿಟ್ಟಿಗೆಯ ಗೋಪುರದಲ್ಲಿ ಈಗ ಅರ್ಧ ನಿಂತಿದೆ. ನೆಲದ ತುಂಬಾ ಸಮಾಧಿ ಕಲ್ಲುಗಳು. ಹೆಸರು, ಇಸವಿ, ಕೆಲವದರ ಮೇಲೆ ಮನೆತನದ ಲಾಂಛನ. ಜಾರ್ಜಿಯಾದ ರಾಣಿ ಕೆಟೆವಾನಳ ಮೂಳೆ ಸಿಕ್ಕಿದ್ದೂ ಇಲ್ಲೇ.

ಅದು ಪುರಾತತ್ವ ಇಲಾಖೆಯ ಜಾಗ, ಒಳಗೆ ಡಬ್ಬಿ ಇಡುವ ಮಾತೇ ಇಲ್ಲ. ಸತ್ತವರ ಎದೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಡುವುದು ನನಗೂ ಸರಿ ಕಾಣುವುದಿಲ್ಲ. ಹಾಗಾಗಿ ಒಳಗೆ ಸುಮ್ನೆ ಓದುವುದು ಅಷ್ಟೇ. ಕಲ್ಲಿನ ಮೇಲಿನ ಇಸವಿಗಳ ಅಂಕಿ ಸೇರಿಸಿದರೆ ಹೊರಗಿನ ಡಬ್ಬಿಯ ವಿಳಾಸ ಸಿಗಬೇಕು.

ಬೇಕಾಗಿರುವುದು ಇಷ್ಟು. ಹತ್ತಿರದಲ್ಲಿ ಯಾರದಾದರೂ ಅಂಗಡಿ, ಮನೆ, ಕಾಂಪೌಂಡ್ ಇದೆಯಾ? ಮಾಲೀಕರು ಒಪ್ಪಲೇಬೇಕು. ನೆಲ ಅಗೆಯುವುದಿಲ್ಲ. ಬೇರೆ ಡಬ್ಬಿಗೂ ಇದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನುವುದು ಆಟದ ನಿಯಮ. ಹಳೆ ಪೋರ್ಚುಗೀಸ್ ಓದಬಲ್ಲವರು ಇದ್ದರೆ ದೊಡ್ಡ ಉಪಕಾರ. ಹಾಗೇ, ಇಲ್ಲಿನ ಮಳೆಗೆ ನೀರಿಳಿಯದ ಡಬ್ಬಿ ಯಾವುದು? ಹೋದ ವರ್ಷ ಬಾಲ್ಕನಿಯಲ್ಲಿ ಪರೀಕ್ಷೆಗೆ ಇಟ್ಟದ್ದರಲ್ಲಿ ಕಾಗದ ಅಂಬಲಿಯಾಗಿತ್ತು.

ಭಾನುವಾರ ಬೆಳಿಗ್ಗೆ ಹೋಗುತ್ತಿದ್ದೇನೆ. ಬರುವವರು ಇಲ್ಲೇ ತಿಳಿಸಿ, ಸ್ಕೂಟರಿನಲ್ಲಿ ಒಬ್ಬರಿಗೆ ಜಾಗ ಇದೆ.